ಪದಚರ್ಚೆ: ‘ಮೂಡ್ ಬೋರ್ಡ್’ಗೆ ‘ಭಾವಫಲಕ’ ಒಪ್ಪುತ್ತದೆಯೇ?

ಪ್ರಶ್ನೆ

ಬಳಗದವರಿಗೆ ನಮಸ್ಕಾರ.

ವಿನ್ಯಾಸ ಕಲಿಯುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರಲ್ಲಿ ‘ಮೂಡ್ ಬೋರ್ಡ್’ ಪುಟಪುಟದಲ್ಲೂ ಬರುತ್ತದೆ. ಚಿತ್ರ, ಬಣ್ಣದ ತುಣುಕು, ಬಟ್ಟೆಯ ಚೂರು, ಅಕ್ಷರದ ಮಾದರಿ ಇವನ್ನೆಲ್ಲ ಒಂದೇ ಹಾಳೆಯ ಮೇಲೆ ಜೋಡಿಸಿ, ಕೆಲಸ ಶುರುವಾಗುವ ಮೊದಲೇ ಅದರ ಒಟ್ಟು ಧಾಟಿ ಹೇಗಿರುತ್ತದೆಂದು ಗ್ರಾಹಕರಿಗೆ ತೋರಿಸುವ ಸಾಧನ ಅದು. ಸದ್ಯ ಪಟ್ಟಿಯಲ್ಲಿರುವ ಪದಗಳು: ಮನಸ್ಥಿತಿ ಫಲಕ, ಭಾವಚಿತ್ರ ಹಲಗೆ, ಮಾದರಿ ಫಲಕ, ಭಾವಫಲಕ. ಇವುಗಳಲ್ಲಿ ಯಾವುದು ನಿಲ್ಲುತ್ತದೆ? ಅಥವಾ ‘ಮೂಡ್ ಬೋರ್ಡ್’ ಎಂದೇ ಬರೆದುಬಿಡುವುದು ಒಳ್ಳೆಯದೇ?

ಉತ್ತರ 1

ಮೊದಲು ‘ಮನಸ್ಥಿತಿ’ಯನ್ನು ಕೈಬಿಡಿ. ‘ಇವತ್ತು ಮೂಡ್ ಇಲ್ಲ’, ‘ಅವರ ಮೂಡ್ ಕೆಟ್ಟಿದೆ’ ಎನ್ನುವಾಗಿನ ಮೂಡ್ ಒಬ್ಬ ವ್ಯಕ್ತಿಯ ಆ ಹೊತ್ತಿನ ಸ್ಥಿತಿ. ಮೂಡ್ ಬೋರ್ಡಿನ ಮೂಡ್ ಬೇರೆ: ಒಂದು ಕೋಣೆ, ಒಂದು ಪೊಟ್ಟಣ, ಒಂದು ಪುಟ ನೋಡುವವರಲ್ಲಿ ಏನನ್ನು ಎಬ್ಬಿಸಬೇಕೋ ಅದು. ‘ಭಾವಚಿತ್ರ ಹಲಗೆ’ ಇನ್ನೂ ದಾರಿ ತಪ್ಪಿಸುತ್ತದೆ. ‘ಭಾವಚಿತ್ರ’ ಎಂದರೆ ವ್ಯಕ್ತಿಯ ಫೋಟೊ ಎಂಬ ಅರ್ಥ ಗಟ್ಟಿಯಾಗಿ ನೆಲೆಗೊಂಡಿದೆ.

ನನ್ನ ಒಲವು ‘ಭಾವಫಲಕ’ದ ಕಡೆಗೆ. ನೆಂಟಸ್ತಿಕೆಯ ‘ಭಾವ’ ನೆನಪಾಗುತ್ತದೆಂಬ ಆಕ್ಷೇಪ ಬರಬಹುದು, ಆದರೆ ‘ಭಾವಗೀತೆ’ ಓದುವಾಗ ಯಾರಿಗೂ ಆ ತೊಡಕಿಲ್ಲ. ಕಾವ್ಯಮೀಮಾಂಸೆಯೂ ಇಲ್ಲಿ ನೆರವಿಗೆ ಬರುತ್ತದೆ. ಬೆಳದಿಂಗಳು, ತಂಗಾಳಿ, ಉಪವನ ಇವು ಶೃಂಗಾರಕ್ಕೆ ಉದ್ದೀಪನ ವಿಭಾವಗಳು. ಭಾವವನ್ನು ಕೆರಳಿಸುತ್ತವೆ, ತಾವೇ ಶೃಂಗಾರವಲ್ಲ. ಫಲಕದ ಮೇಲಿನ ಚಿತ್ರಗಳ ಕೆಲಸವೂ ಇದೇ. ಅವು ಮುಂದೆ ಮಾಡಲಿರುವ ವಸ್ತುವಿನ ಚಿತ್ರಗಳಲ್ಲ.

‘ಹಲಗೆ’ ‘ಫಲಕ’ದ ತದ್ಭವವೇ ಆದರೂ ಬಳಕೆಯಲ್ಲಿ ಎರಡೂ ಬೇರೆಯಾಗಿವೆ. ಹಲಗೆ ಎಂದರೆ ಮರದ ಹಲಗೆ, ಕಪ್ಪುಹಲಗೆ. ವಿಷಯ ತಿಳಿಸುವುದು ನಾಮಫಲಕ, ಸೂಚನಾ ಫಲಕ. ಪರದೆಯ ಮೇಲೆಯೇ ಇರುವ ಮೂಡ್ ಬೋರ್ಡಿಗೂ ‘ಫಲಕ’ ಸಲ್ಲುತ್ತದೆ, ‘ಹಲಗೆ’ ಸಲ್ಲದು.

ಉತ್ತರ 2

‘ಮಾದರಿ ಫಲಕ’ವನ್ನು ಇದಕ್ಕೆ ಖಂಡಿತ ಬಳಸಬೇಡಿ. ಅದು ಬೇರೊಂದು ವಸ್ತುವಿಗೆ ಬೇಕಾದ ಹೆಸರು: ನಿಜವಾಗಿ ಕೊಳ್ಳಲಿರುವ ಟೈಲ್ಸ್, ಲ್ಯಾಮಿನೇಟ್, ಬಟ್ಟೆಗಳ ತುಂಡುಗಳನ್ನು ಅವುಗಳ ನಂಬರಿನೊಡನೆ ಅಂಟಿಸಿದ್ದು. ಭಾವಫಲಕ ಮೊದಲ ಮಾತುಕತೆಗೆ, ಮಾದರಿ ಫಲಕ ಕೊನೆಯ ಒಪ್ಪಿಗೆಗೆ. ಎರಡಕ್ಕೂ ಒಂದೇ ಪದ ಇಟ್ಟರೆ ಕಲಿಯುವವರು ಮೊದಲ ದಿನವೇ ಸಿದ್ಧ ಕುರ್ಚಿಯ ಫೋಟೊ ಅಂಟಿಸುತ್ತಾರೆ. ಗ್ರಾಹಕರು ಆ ಕುರ್ಚಿಯನ್ನೇ ಹಿಡಿದು ಕೂರುತ್ತಾರೆ, ಧಾಟಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಕೋಣೆಯ ಭಾವಫಲಕಕ್ಕೆ ಕೋಣೆಗಳ ಚಿತ್ರ ಕಡಿಮೆ ಇರಲಿ. ಕಲ್ಲಿನ ಮೈ, ಮರದ ತೊಗಟೆ, ಮೋಡ, ನೇಯ್ಗೆ ಇಂಥವನ್ನು ಹತ್ತಿರದಿಂದ ತೆಗೆದ ಚಿತ್ರಗಳಿರಲಿ. ಪ್ರತಿಯೊಂದರ ಕೆಳಗೂ ಅದರಿಂದ ಏನನ್ನು ಪಡೆದಿದ್ದೇವೆಂದು ನಾಲ್ಕು ಪದ ಬರೆಯಬೇಕು: ‘ಬಣ್ಣವಲ್ಲ, ಈ ಒರಟುತನ ಮಾತ್ರ’ ಎಂಬಂತೆ.

ಕೈಪಿಡಿಯ ವಿವರಣೆಯಲ್ಲಿ ಕ್ರಮವೂ ಸ್ಪಷ್ಟವಾಗಲಿ. ಚಿತ್ರ ಹುಡುಕುವ ಮೊದಲು ಮೂರೋ ನಾಲ್ಕೋ ಗುಣವಾಚಕಗಳನ್ನು ಗ್ರಾಹಕರ ಜೊತೆ ಕೂತು ಬರೆದುಕೊಳ್ಳಬೇಕು. ‘ಸುಂದರ’, ‘ಆಧುನಿಕ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಕನ್ನಡದಲ್ಲಿ ಇದಕ್ಕಿಂತ ಹರಿತವಾದ ಪದಗಳಿವೆ, ಅವನ್ನೇ ಕಲಿಸಬೇಕು: ‘ಥಳಥಳ’ ಎಂದರೆ ಬೆಳಗಿದ ಲೋಹ, ‘ಮಿರಿಮಿರಿ’ ಎಂದರೆ ರೇಷ್ಮೆಯಂಥ ಮಿಂಚು, ‘ಮಾಸಲು’ ಎಂದರೆ ಹೊಳಪೇ ಇಲ್ಲದ್ದು. ಮೂರೂ ಬೇರೆಬೇರೆ ಮೇಲ್ಮೈಗಳು. ಈ ಪದ ಬದಲಾದರೆ ಕೊಳ್ಳುವ ಸಾಮಾನೇ ಬದಲಾಗುತ್ತದೆ.

ಆಮೇಲೆ ನಲವತ್ತು ಐವತ್ತು ಚಿತ್ರ ಕೂಡಿಸಿ, ಹತ್ತು ಹದಿನೈದಕ್ಕೆ ಇಳಿಸುವುದು. ಒಂದು ಮುಖ್ಯ ಚಿತ್ರ ಫಲಕದ ಮೂರನೇ ಒಂದು ಭಾಗದಷ್ಟಾದರೂ ಇರಬೇಕು. ಎಲ್ಲವೂ ಒಂದೇ ಅಳತೆಯಾದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಬಣ್ಣ ನಾಲ್ಕೈದು ಸಾಕು, ಆದರೆ ಸಮಸಮ ಚೌಕಗಳಾಗಿ ಬೇಡ. ಶೇ. 60 ಮೂಲ ಬಣ್ಣ, 30 ಜೊತೆ ಬಣ್ಣ, 10 ಎದ್ದು ಕಾಣುವ ಬಣ್ಣ ಎಂಬುದು ರೂಢಿಯ ಪ್ರಮಾಣ. ಸಮ ಚೌಕ ತೋರಿಸಿದರೆ ಒಂದು ದಿಂಬಿಗೆಂದು ಇಟ್ಟ ಕೆಂಪು ಇಡೀ ಗೋಡೆಗೆ ಬರುತ್ತದೆಂದು ನೋಡಿದವರು ಗಾಬರಿಯಾಗುತ್ತಾರೆ.

ಗೋಡೆಗೆ ಒರಗಿಸಿ ತೋರಿಸುವುದಾದರೆ ಎ2 ಅಳತೆ, ಅಂದರೆ 420 × 594 ಮಿ.ಮೀ., 5 ಮಿ.ಮೀ. ಫೋಮ್ ಬೋರ್ಡು. ಮೇಜಿನ ಮೇಲಾದರೆ ಎ3 ಸಾಕು. ಪರದೆಯ ಮೇಲೆ ಉರಿಯುವಂತೆ ಕಾಣುವ ಹಸಿರು, ಕಿತ್ತಳೆ, ಕಡುನೀಲಿ ಮುದ್ರಣದಲ್ಲಿ ಮಂಕಾಗುತ್ತವೆ, ಏಕೆಂದರೆ ಪರದೆಯ ಬೆಳಕು ಕೊಡುವ ಎಲ್ಲ ಬಣ್ಣಗಳನ್ನೂ ಮುದ್ರಣದ ನಾಲ್ಕು ಶಾಯಿಗಳು ಕೊಡಲಾರವು. ಬಟ್ಟೆ ಮತ್ತು ಬಣ್ಣದ ತುಣುಕುಗಳನ್ನು ಹಗಲು ಬೆಳಕಿನಲ್ಲೂ ಹಳದಿ ದೀಪದಲ್ಲೂ ಜೊತೆಗಿಟ್ಟು ನೋಡಬೇಕು. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು. ದಾರಿ ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಎರಡು ಫಲಕ ಒಯ್ಯಬಹುದು. ಅವು ಸ್ವಭಾವದಲ್ಲೇ ಬೇರೆಯಾಗಿರಬೇಕು, ಬಣ್ಣ ಬದಲಿಸಿದ ಒಂದೇ ಫಲಕವಾಗಬಾರದು.

ಉತ್ತರ 3

‘ಭಾವಫಲಕ’ಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಮೊದಲ ಸಲ ಬಂದಲ್ಲಿ ‘ಮೂಡ್ ಬೋರ್ಡ್, ಎಂದರೆ ಭಾವಫಲಕ’ ಎಂದು ಎರಡನ್ನೂ ಬರೆಯಿರಿ. ಸ್ಟುಡಿಯೊದಲ್ಲಿ ಕಿವಿಗೆ ಬೀಳುವುದು ಮೂಡ್ ಬೋರ್ಡೇ; ಪುಸ್ತಕದ ಪದ ಅದರ ಕೈ ಹಿಡಿದು ಒಳಗೆ ಬರಲಿ.

ಕ್ರಿಯಾಪದದ ಕಡೆಗೂ ಗಮನ ಬೇಕು. ‘ಭಾವಫಲಕ ರಚಿಸು’ ಎಂದರೆ ಬರೆದು, ಚಿತ್ರಿಸಿ ಮಾಡುವಂತೆ ಕೇಳುತ್ತದೆ. ಇಲ್ಲಿ ಚಿತ್ರಿಸುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಆಯುವುದು, ಬಿಡುವುದು, ಪಕ್ಕಪಕ್ಕ ಇಟ್ಟು ನೋಡುವುದೇ ಹೆಚ್ಚು. ‘ಜೋಡಿಸು’ ಸರಿಹೋಗುತ್ತದೆ. ತಮ್ಮ ಪ್ರಶ್ನೆಯಲ್ಲೇ ಆ ಪದ ತಾನಾಗಿ ಬಂದಿದೆ.