ಕಾನೂನು ವಿಶ್ವಕೋಶದ ಹಳೇ ಸೆಟ್ ತಗೊಳ್ಳಬಹುದಾ? ಬಳಸೋರು ಹೇಳಿ

ಕೇಳಿದವರು: ಕರಾರು ಮುರಿದ ಕೇಸು. ಎದುರು ಪಾರ್ಟಿ ದಂಡದ ಷರತ್ತು (ಮುರಿದರೆ ಇಷ್ಟು ಕೊಡಬೇಕು ಅನ್ನೋದು) ಹಿಡಿದು ಪೂರ್ತಿ ಮೊತ್ತ ಕೇಳ್ತಿದೆ. ಇಂಗ್ಲೆಂಡಿನ ಕಾನೂನು ವಿಶ್ವಕೋಶ ಹಾಲ್ಸ್‌ಬರಿಯ ನಾಲ್ಕನೇ ಆವೃತ್ತಿ ಅಗ್ಗಕ್ಕೆ ಸಿಗ್ತಿದೆ. ತಗೊಳ್ಳಲಾ, ಆನ್‌ಲೈನ್ ಚಂದಾ ಸಾಕಾ?

ಸಂಪುಟಪ್ರಿಯ: ತಗೊಳ್ಳಿ. ಆನ್‌ಲೈನ್‌ನಲ್ಲಿ ‘ಪೆನಾಲ್ಟಿ’ ಅಂತ ಹುಡುಕಿದರೆ ತೆರಿಗೆ ದಂಡ, ಇಲಾಖಾ ಶಿಕ್ಷೆ ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ. ಸಂಪುಟದಲ್ಲಿ ವಿಷಯ ಮೊದಲೇ ವಿಂಗಡಣೆ ಆಗಿರುತ್ತೆ. ಅಕ್ಕಪಕ್ಕದ ಪ್ಯಾರಾ ಓದಿದರೆ ಹೊಳೆಯದೇ ಇದ್ದ ಡಿಫೆನ್ಸೂ ಸಿಗುತ್ತೆ. ಆದರೆ ನೇರ ಸಂಪುಟಕ್ಕೆ ಕೈ ಹಾಕಬೇಡಿ. ಇಂಡೆಕ್ಸ್ ನೋಡಿ ಸಂಪುಟ ಮತ್ತು ಪ್ಯಾರಾ ಸಂಖ್ಯೆ ಬರ್ಕೊಳ್ಳಿ, ಪುಟ ಸಂಖ್ಯೆ ಅಲ್ಲ. ಅದೇ ಪ್ಯಾರಾವನ್ನ ವಾರ್ಷಿಕ ಕ್ಯುಮುಲೇಟಿವ್ ಸಪ್ಲಿಮೆಂಟ್‌ನಲ್ಲಿ (ಸಂಪುಟ ಬಂದ ಮೇಲಿನ ಬದಲಾವಣೆಗಳ ಪುಸ್ತಕ) ನೋಡಿ, ಆಮೇಲೆ ನೋಟರ್-ಅಪ್‌ನಲ್ಲಿ (ಸಪ್ಲಿಮೆಂಟ್ ನಂತರದ ಬದಲಾವಣೆಗಳ ಪಟ್ಟಿ). ಇಷ್ಟು ಆಗದೆ ಡ್ರಾಫ್ಟ್‌ಗೆ ಕೂರಬೇಡಿ.

ಚಂದಾದಾರ: ಹೊಸಬರಿಗೆ ಎಂಥ ಸಲಹೆ ಕೊಡ್ತೀರಿ ಸಾರ್! ಐದನೇ ಆವೃತ್ತಿ 2008ರಿಂದ 2014ರೊಳಗೆ ಬಂದಾಯ್ತು. ಈಗಿನ ಸಪ್ಲಿಮೆಂಟ್ ಅದರ ಪ್ಯಾರಾಗಳಿಗೆ ಹೊಂದುತ್ತೆ, ನಾಲ್ಕನೆಯದರ ಪ್ಯಾರಾಗಳಿಗಲ್ಲ. ದಂಡದ ಷರತ್ತಿಗೆ ಹಳೇ ಸೆಟ್ಟಲ್ಲಿ ಇರೋದು ಡನ್‌ಲಪ್ ತೀರ್ಪಿನ (1915ರಲ್ಲಿ ವರದಿಯಾದದ್ದು) ಪರೀಕ್ಷೆ: ಮೊತ್ತ ನಷ್ಟದ ಪ್ರಾಮಾಣಿಕ ಮುಂಗಡ ಅಂದಾಜಾ, ಹೆದರಿಸೋ ದಂಡವಾ ಅಂತ. 2015ರ ಕ್ಯಾವೆಂಡಿಷ್–ಮಕ್ದೆಸಿ ತೀರ್ಪಿನ ನಂತರ ಇಂಗ್ಲೆಂಡಿನ ಕೋರ್ಟು ಕೇಳೋದೇ ಬೇರೆ: ಕರಾರು ಮುರಿದವರ ಮೇಲಿನ ಹೊರೆ ಎದುರಿನವರ ನ್ಯಾಯವಾದ ಹಿತಕ್ಕೆ ತೀರಾ ಮೀರಿದ್ದಾ ಅಂತ. ಸೆಟ್ಟಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗೀತಾ? ಸಪ್ಲಿಮೆಂಟು, ಬಿಡಿಹಾಳೆ, ಬದಲಿ ಸಂಪುಟ, ಕಪಾಟಿನ ಜಾಗ, ಹಾಳೆ ಹಾಕೋ ಗುಮಾಸ್ತರ ಸಮಯ. ಒಂದು ವರ್ಷ ಬಿಟ್ಟರೂ ಯಾವ ಪ್ಯಾರಾ ಇನ್ನೂ ಜೀವಂತ ಅಂತ ಹೇಳೋಕಾಗಲ್ಲ.

ಸಂಪುಟಪ್ರಿಯ: ಚಂದಾ ನಿಂತ ದಿನ ನಿಮ್ಮ ಕೈಲಿ ಏನಿರುತ್ತೆ? ಹಳೇ ಕರಾರಿಗೆ ಅಂದಿನ ಕಾನೂನೇ ಬೇಕು. ಕರಾರಿನಲ್ಲಿ ಇಲ್ಲದ ಮೂರನೆಯವರಿಗೆ ಹಕ್ಕು ಕೊಟ್ಟ 1999ರ ಇಂಗ್ಲಿಷ್ ಕಾಯ್ದೆ ಸಾಮಾನ್ಯವಾಗಿ 2000ದ ಮೇ 11ಕ್ಕಿಂತ ಹಿಂದಿನ ಕರಾರಿಗೆ ಅನ್ವಯಿಸಲ್ಲ. ಅಂಥ ಕೇಸಿಗೆ ಹಳೇ ಸಂಪುಟವೇ ಗತಿ.

ಬೇರ್ ಆಕ್ಟ್: ಜಗಳದಲ್ಲಿ ಕೇಸನ್ನೇ ಮರೆತಿರಿ. ನಮ್ಮ 1872ರ ಕರಾರು ಕಾಯ್ದೆಯ ಕಲಂ 74ರಲ್ಲಿ ದಂಡವೋ, ಮೊದಲೇ ಗೊತ್ತುಮಾಡಿದ ನಷ್ಟವೋ ಎಂಬ ಇಂಗ್ಲಿಷ್ ಭೇದವೇ ಇಲ್ಲ. ಬರೆದ ಮೊತ್ತ ಮೀರದ ಹಾಗೆ ನ್ಯಾಯಯುತ ಪರಿಹಾರ, ಅಷ್ಟೇ. ಮೊದಲು ಈ ಕಲಂ ನೋಡಿ, ಡನ್‌ಲಪ್ಪೂ ಮಕ್ದೆಸಿಯೂ ಆಮೇಲೆ. ವಿಶ್ವಕೋಶದ ವಾಕ್ಯವನ್ನ ಮೆಮೋದಲ್ಲಿ ಆಧಾರ ಅಂತ ಹಾಕಲೇಬೇಡಿ. ಅಡಿಟಿಪ್ಪಣಿಯ ತೀರ್ಪು ತೆಗೆಸಿ, ಪೂರ್ತಿ ಓದಿ, ಅದನ್ನ ಹಾಕಿ. ಎಷ್ಟೋ ಸಲ ಮೂರು ತೀರ್ಪು ಸೇರಿಸಿ ಒಂದು ವಾಕ್ಯ ಮಾಡಿರ್ತಾರೆ, ಆ ವಾಕ್ಯ ಯಾವ ತೀರ್ಪಿನಲ್ಲೂ ಇರಲ್ಲ.

ಪಾಕೆಟ್ ಪಾರ್ಟ್: ಅಮೆರಿಕದ ಕಾನೂನು ವಿಶ್ವಕೋಶ ಕಾರ್ಪಸ್ ಜ್ಯೂರಿಸ್ ಸೆಕಂಡಮ್ ನೋಡೋರಿಗೂ ಒಂದು ಮಾತು. ಹೊಸ ಬದಲಾವಣೆಗಳ ಭಾಗ ಇಡೋ ಸಂಪುಟದ ಹಿಂಬದಿ ಚೀಲ ಖಾಲಿ ಇದ್ದರೆ ಹೊಸದೇನಿಲ್ಲ ಅಂತ ತಿಳೀಬೇಡಿ. ಹೊಸ ಭಾಗ ದಪ್ಪ ಆದಾಗ ಪ್ರತ್ಯೇಕ ಪುಸ್ತಿಕೆಯಾಗಿ ಬರುತ್ತೆ. ಮುಖಪುಟದ ವರ್ಷ ಓದಿ. ತೀರ್ಪು ಹುಡುಕೋಕೆ ಅದರ ಕೀ ನಂಬರೇ (ವಿಷಯಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಸಾಕು, ಹಾಲ್ಸ್‌ಬರಿಗಿಂತ ಎಷ್ಟೋ ವಾಸಿ.

ಚಂದಾದಾರ: ಒಪ್ಪಲ್ಲ. ಕೀ ನಂಬರ್ ಅಮೆರಿಕದ ತೀರ್ಪುಗಳ ಸಾರಸಂಗ್ರಹವಾದ ಡೈಜೆಸ್ಟ್‌ಗೆ ಕರ್ಕೊಂಡು ಹೋಗುತ್ತೆ. ಕಲಂ 74ರ ಕೇಸಿಗೆ ಆ ಡೈಜೆಸ್ಟ್ ಯಾಕೆ?