ಎರಡು ತೊಗರಿ ರಾಶಿಗೊಂದು ಸೀಸನ್

ಮೇ ತಿಂಗಳಲ್ಲಿ ಸಂಜೆ ಆರು ಗಂಟೆಗೂ ಅಪ್ಪನ ಕೆರೆ ಕಡೆಯಿಂದ ಬರುವ ಗಾಳಿ ಒಲೆಯ ಮುಂದಿನಿಂದ ಎದ್ದು ಬಂದ ಹಾಗೆ ಇರುತ್ತದೆ. ಅಂಥ ಹೊತ್ತಿನಲ್ಲಿ ಬಿಸಿ ಚಾ ಕುಡಿದು, ಮೇಲೆ ಮಿರ್ಚಿ ಭಜಿ ತಿನ್ನುವವರನ್ನು ಹೊರಗಿನವರು ಹುಚ್ಚರು ಅನ್ನಬಹುದು. ಅನ್ನಲಿ. ಕಲಬುರಗಿಯಲ್ಲಿ ಹರಟೆಗೆ ಬೇರೆ ಹವಾಮಾನ ಸಿಗುವುದಿಲ್ಲ.

ನಾವು ನಾಲ್ಕು ಮಂದಿ. ಒಬ್ಬರು ಕಾಕಾ. ಯಾರಿಗೆ ಕಾಕಾ ಅಂತ ಕೇಳಬೇಡಿ, ಇಡೀ ಓಣಿಗೇ ಕಾಕಾ. ಊರಲ್ಲಿ ತೊಗರಿ ಹೊಲ, ಇಲ್ಲಿ ಮಗನ ಮನೆ. ಇನ್ನೊಬ್ಬರು ಮಾಸ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಆದರೆ ಇಸವಿ ಹೇಳುವ ಚಟ ಇನ್ನೂ ನಿವೃತ್ತಿ ಆಗಿಲ್ಲ. ಮೂರನೆಯವನು ಪಕ್ಕದ ಮನೆಯ ಇಂಜಿನಿಯರ್ ಹುಡುಗ. ಇಂಜಿನಿಯರಿಂಗ್ ಮುಗಿದಿದೆ, ಕೆಲಸ ಶುರುವಾಗಿಲ್ಲ. ನಾಲ್ಕನೆಯವನು ನಾನು, ಚಾದ ದುಡ್ಡು ಕೊಡುವವನು.

ಅವತ್ತು ಹುಡುಗ ಮುಖ ಇಳಿಬಿಟ್ಟುಕೊಂಡು ಬಂದ. ಸುಸಲಾ ಮುಂದಿಟ್ಟರೂ ಕೈ ಹಾಕಲಿಲ್ಲ.

"ಯಾಕೋ ತಮ್ಮಾ, ಇಂಟರ್‌ವ್ಯೂ ಕೆಟ್ಟಿತಾ?" ಕಾಕಾ ಕೇಳಿದರು.

"ಅದಲ್ಲ ಕಾಕಾ. ನನ್ನ ಸೀರಿಯಲ್ ನಿಲ್ಲಿಸಿಬಿಟ್ಟರು."

"ಯಾವುದು? ಅತ್ತೆ ಸೊಸೆದಾ?"

"ಬಾಹ್ಯಾಕಾಶದ್ದು ಕಾಕಾ. ಎರಡು ಸೀಸನ್ ಆಗಿತ್ತು. ನೋಡುವವರು ಕಡಿಮೆ ಆದರಂತೆ, ಮೂರನೆಯದು ಮಾಡುವುದಿಲ್ಲವಂತೆ. ಹಡಗು ಕಪ್ಪುರಂಧ್ರದ ಬಾಯಲ್ಲಿ ನಿಂತಿದೆ. ಕ್ಯಾಪ್ಟನ್ ಒಳಗೆ ಬಿದ್ದಳೋ ಹೊರಗೆ ಬಂದಳೋ ಗೊತ್ತೇ ಇಲ್ಲ."

"ಯಾವಾಗಿನಿಂದ ನಿಂತಿದೆ?"

"ಎರಡು ವರ್ಷ ಆಯಿತು."

"ಸೀಸನ್ನಿಗೆ ಎಷ್ಟು ಎಪಿಸೋಡು?"

"ಎಂಟು."

ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. "ಎಂಟು ದಿನ ತೋರಿಸಿ ಎರಡು ವರ್ಷ ಬಿಡುವು. ಅಷ್ಟರಲ್ಲಿ ನಾನು ಎರಡು ಸಲ ತೊಗರಿ ಬಿತ್ತಿ, ಎರಡು ಸಲ ರಾಶಿ ಮಾಡಿದೆ. ಒಂದು ಸಲ ನೆಟೆ ರೋಗ ಬಂದು ಅರ್ಧ ಹೊಲ ಒಣಗಿತು. ಮೊಮ್ಮಗಳು ಹುಟ್ಟಿ ನಡೆಯಲು ಕಲಿತಳು. ನಿನ್ನ ಕ್ಯಾಪ್ಟನ್ ಇನ್ನೂ ಅಲ್ಲೇ ನಿಂತಿದ್ದಾಳೆ. ಯಾರು ಕಾಯಬೇಕು?"

ನಿಜ ಹೇಳಿದರೆ ಆ ಸೀರಿಯಲ್ ನಾನೂ ನೋಡಿದ್ದೆ. ಹೆಸರು ಹೇಳಿ ಜಗಳ ಯಾಕೆ, ಬಿಡಿ. ಮೊದಲ ಸೀಸನ್ ಚೆನ್ನಾಗಿತ್ತು. ಎರಡನೆಯದು ಬರುವ ಹೊತ್ತಿಗೆ ಆ ಹಸಿರು ಮೈಯವನು ನಮ್ಮವನೋ ವೈರಿಯೋ ಮರೆತೇ ಹೋಗಿತ್ತು. ಇದೇ ಹುಡುಗನನ್ನು ಕೇಳಿದೆ. ನಲವತ್ತು ನಿಮಿಷ ವಿವರಿಸಿದ. ಎಪಿಸೋಡು ಇದ್ದದ್ದು ನಲವತ್ತೈದು ನಿಮಿಷ. ನಾನು ಉಳಿದ ಐದು ನಿಮಿಷ ನೋಡಿ ಮಲಗಿದೆ.

"ಅದೊಂದೇ ಅಲ್ಲ," ಅಂದೆ. "ಎರಡನೇ ಸೀಸನ್ನಿನಲ್ಲಿ ದುಡ್ಡು ಖಾಲಿ ಆದದ್ದು ಕಾಣುತ್ತಿತ್ತು. ಮೂರು ಗ್ರಹಕ್ಕೆ ಹೋದರು, ಮೂರರಲ್ಲೂ ಅದೇ ಓಣಿ. ಲೈಟು ಮಾತ್ರ ಬೇರೆ. ನೆಲಕ್ಕೆ ಹಾಸಿದ್ದು ನಮ್ಮ ಶಹಾಬಾದ್ ಫರಸಿ ತರಹ ಇತ್ತು."

"ಹಾಗಾದರೆ ಗಟ್ಟಿ ನೆಲ," ಅಂದರು ಕಾಕಾ.

ಮಾಸ್ತರು ಚಾದ ಗ್ಲಾಸು ಕೆಳಗಿಟ್ಟರು. ಅಂದರೆ ಇಸವಿ ಬರುತ್ತದೆ ಅಂತ ಅರ್ಥ.

"ದುಡ್ಡಿಲ್ಲದಿರುವುದು ತಪ್ಪಲ್ಲ ರೀ. 1966ರಲ್ಲಿ ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಶುರುವಾಯಿತು. ವಾರ ವಾರ ಹಡಗು ಗ್ರಹದ ಮೇಲೆ ಇಳಿಯುವುದನ್ನು ತೋರಿಸಲು ಅವರಿಗೆ ದುಡ್ಡಿರಲಿಲ್ಲ. ಅದಕ್ಕೇ ಮನುಷ್ಯ ಇಲ್ಲಿ ಮಿಣಮಿಣ ಅಂತ ಕರಗಿ ಅಲ್ಲಿ ಎದ್ದು ನಿಲ್ಲುವ ಯಂತ್ರ ಹುಡುಕಿದರು. ಬಡತನಕ್ಕೆ ಹುಟ್ಟಿದ ಯಂತ್ರ. ಜನ ಅದನ್ನೇ ಇಷ್ಟಪಟ್ಟರು."

"ಮತ್ತೆ ಅದು ಯಾಕೆ ನಿಂತಿತು?" ಹುಡುಗನಿಗೆ ಗೊತ್ತಿತ್ತು, ಆದರೂ ಕೇಳಿದ. ಮಾಸ್ತರ ಕೈಯಲ್ಲಿ ಕಲಿತವನು.

"ಎರಡನೇ ಸೀಸನ್ನಿಗೇ ನಿಲ್ಲುತ್ತದೆ ಅಂತ ಸುದ್ದಿ ಆಯಿತು. ಅಭಿಮಾನಿಗಳು ಚಾನೆಲ್ಲಿಗೆ ಪತ್ರದ ಮೇಲೆ ಪತ್ರ ಬರೆದರು. ಮೂರನೆಯದು ಬಂತು. ಆದರೆ ಖರ್ಚು ಕಡಿಮೆ ಮಾಡಿ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದರು. ನೋಡುವವರು ಕಾಲೇಜು ಹುಡುಗರು. ಶುಕ್ರವಾರ ರಾತ್ರಿ ಅವರು ಮನೆಯಲ್ಲಿ ಇರುತ್ತಾರಾ?"

"ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಸರಿಯಾಗಿ ಮನೆಗೆ ಊಟಕ್ಕೆ ಕರೆದ ಹಾಗೆ," ಅಂದರು ಕಾಕಾ. "ಆಮೇಲೆ ಯಾರೂ ಬರಲಿಲ್ಲ ಅಂತ ಅಳುವುದು."

"ಇನ್ನೂ ಕೇಳಿ. ಕೊನೆಯ ಎಪಿಸೋಡು ಬಂದದ್ದು 1969ರ ಜೂನ್ 3ಕ್ಕೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ಜುಲೈ 20ಕ್ಕೆ."

ಕಾಕಾ ತಲೆ ತಲೆ ಚಚ್ಚಿಕೊಂಡರು. "ಎಲೆ ಹಾಕುವ ಹೊತ್ತಿಗೆ ಒಲೆ ಆರಿಸಿದರಲ್ಲೋ!"

ಮುಂದೆ ಹಳೆಯ ಎಪಿಸೋಡುಗಳನ್ನೇ ಬೇರೆ ಬೇರೆ ಸ್ಟೇಷನ್ನುಗಳು ತಿರುಗಿ ತಿರುಗಿ ಹಾಕಿದಾಗ ಅದಕ್ಕೆ ನಿಜವಾದ ಜನ ಸೇರಿದರು ಅಂತ ಮಾಸ್ತರು ಹೇಳುತ್ತಿದ್ದರು, ಆದರೆ ಹುಡುಗನಿಗೆ ತಾಳ್ಮೆ ಇರಲಿಲ್ಲ. ಅವನ ಹತ್ತಿರ ಅದಕ್ಕಿಂತ ದೊಡ್ಡ ದುಃಖ ಇತ್ತು.

"ಫೈರ್‌ಫ್ಲೈ ಕತೆ ಕೇಳ್ರಿ. 2002ರದು. 14 ಎಪಿಸೋಡು ಮಾಡಿದ್ದರು, 11 ತೋರಿಸಿ ಎತ್ತಿಬಿಟ್ಟರು. ಅದೂ ಹಿಂದು ಮುಂದು ಮಾಡಿ. ಯಾರು ಯಾರು, ಹಡಗು ಯಾರದು ಅಂತ ಹೇಳುವ ಮೊದಲ ಎಪಿಸೋಡನ್ನು ಡಿಸೆಂಬರಿನಲ್ಲಿ, ಎಲ್ಲ ಮುಗಿಯುವಾಗ ಹಾಕಿದರು."

"ಅಂದರೆ ಮೊದಲು ಕುಬಸ, ಆಮೇಲೆ ಮದುವೆ, ಕೊನೆಗೆ ಹೆಣ್ಣು ನೋಡಲು ಹೋಗುವುದು," ಅಂದರು ಕಾಕಾ.

ಭಜಿ ಕರಿಯುತ್ತಿದ್ದವನೂ ನಕ್ಕ. ಹುಡುಗ ಮಾತ್ರ ನಗಲಿಲ್ಲ.

ಇಲ್ಲಿಗೆ ಎಲ್ಲ ತಪ್ಪೂ ಚಾನೆಲ್ಲಿನವರ ತಲೆಗೆ ಬಂದು ಕೂತಿತ್ತು. ನನಗೆ ಅದು ಸರಿ ಕಾಣಲಿಲ್ಲ. ನಮ್ಮ ಮನೆಯಲ್ಲಿ ಹೆಂಡತಿ ನೋಡುವ ಸೀರಿಯಲ್ಲಿಗೂ ಇವೆಲ್ಲ ಆಗಿದೆ. ಏಳು ಗಂಟೆಯದು ಒಂಬತ್ತೂವರೆಗೆ ಹೋಯಿತು, ತಿರುಗಿ ಆರೂವರೆಗೆ ಬಂತು. ನಾಯಕ ಎರಡು ಸಲ ಸತ್ತ. ಒಂದು ಸಲ ಕಾರು ಹೊಳೆಗೆ ಬಿತ್ತು, ಇನ್ನೊಂದು ಸಲ ಬೆಂಕಿ. ಎರಡೂ ಸಲ ಗಡ್ಡ ಬಿಟ್ಟುಕೊಂಡು ವಾಪಸ್ ಬಂದ. ಒಬ್ಬ ಪ್ರೇಕ್ಷಕಳೂ ಎದ್ದು ಹೋಗಲಿಲ್ಲ. ನಮ್ಮ ಮನೆಯಲ್ಲಂತೂ ಅವನು ಬಂದ ದಿನ ಹೋಳಿಗೆ ಮಾಡಿದ್ದರು.

"ಅದೇ ಬಾಹ್ಯಾಕಾಶದಲ್ಲಿ ಸತ್ತವನು ವಾಪಸ್ ಬಂದರೆ ನೀನು ಟಿವಿ ಒಡೆಯುತ್ತೀಯ. ಯಾಕೆ?" ಅಂತ ಹುಡುಗನಿಗೆ ಕೇಳಿದೆ.

"ಯಾಕಂದರೆ ಗಾಳಿ ಇಲ್ಲದ ಕಡೆ ಹೆಲ್ಮೆಟ್ ತೆಗೆದರೆ ಸಾಯುತ್ತಾರೆ ಅಂತ ಮೂರನೇ ಎಪಿಸೋಡಿನಲ್ಲಿ ಅವರೇ ಹೇಳಿದ್ದಾರೆ. ಹನ್ನೊಂದನೆಯದರಲ್ಲಿ ಹೀರೋ ಹೆಲ್ಮೆಟ್ ತೆಗೆದು ಭಾಷಣ ಮಾಡುತ್ತಾನೆ. ಅಣ್ಣಾ, ಭಾಷಣ! ಗಾಳಿಯೇ ಇಲ್ಲ, ಮಾತು ಕೇಳುವುದು ಹೇಗೆ?"

"ನೋಡು, ನೀನು ಲೆಕ್ಕ ಬರೆದಿಟ್ಟುಕೊಂಡು ಕೂತಿದ್ದೀಯ. ನನ್ನ ಹೆಂಡತಿ ಲೆಕ್ಕ ಇಡುವುದಿಲ್ಲ. ಅವಳು ಆ ಮನೆಗೆ ನೆಂಟಳಾಗಿ ಹೋಗುತ್ತಾಳೆ. ನೆಂಟರ ಮನೆಯಲ್ಲಿ ಸತ್ತ ಅಂದವನು ಬದುಕಿ ಬಂದರೆ ಯಾರಾದರೂ ಪುರಾವೆ ಕೇಳುತ್ತಾರಾ? ಊಟಕ್ಕೆ ಎಬ್ಬಿಸುತ್ತಾರೆ. ಒಂದು ತಿಂಗಳು ತಪ್ಪಿದರೂ ಅಡ್ಡಿಯಿಲ್ಲ, ಅತ್ತೆ ಅತ್ತೆಯೇ, ಸೊಸೆ ಸೊಸೆಯೇ. ನಿನ್ನದರಲ್ಲಿ ಒಂದು ವಾರ ತಪ್ಪಿದರೆ ಕಾಲವೇ ತಿರುಗಿ ನಿಂತಿರುತ್ತದೆ."

ಮಾಸ್ತರು ಒಪ್ಪಿದರು, ಆದರೆ ಪೂರ್ತಿ ಅಲ್ಲ. ಮಾಸ್ತರು ಯಾವತ್ತೂ ಹತ್ತಕ್ಕೆ ಹತ್ತು ಕೊಟ್ಟವರಲ್ಲ.

"ಲೆಕ್ಕ ಇಡುವವರನ್ನೂ ಹಿಡಿದು ಕೂರಿಸಬಹುದು. ಇಂಗ್ಲೆಂಡಿನ ಡಾಕ್ಟರ್ ಹೂ ನೋಡಿ. 1963ರಲ್ಲಿ ಶುರು. 1966ರ ಹೊತ್ತಿಗೆ ಮುಖ್ಯ ನಟನ ಆರೋಗ್ಯ ಕೆಟ್ಟಿತು. ಏನು ಮಾಡಬೇಕು? ಇವನು ಬೇರೆ ಗ್ರಹದವನು, ಸಾಯುವ ಹೊತ್ತಿಗೆ ಮೈ ಬದಲಿಸುತ್ತಾನೆ ಅಂದರು. ಅದನ್ನೇ ನಿಯಮ ಮಾಡಿದರು. ಅದೇ ನಿಯಮದ ಮೇಲೆ 1989ರ ತನಕ ಓಡಿತು. ನಿಂತದ್ದು 2005ರಲ್ಲಿ ತಿರುಗಿ ಎದ್ದಿತು."

"ನಮ್ಮಲ್ಲೂ ಮೈ ಬದಲಿಸುತ್ತಾರಲ್ಲ," ಅಂದರು ಕಾಕಾ. "ಸೋಮವಾರ ಒಬ್ಬ ಗಂಡ. ಮಂಗಳವಾರ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಅಂತ ಕೆಳಗೆ ಒಂದು ಪಟ್ಟಿ ಓಡುತ್ತದೆ, ಬೇರೆಯವನು ಬಂದು ಕೂಡುತ್ತಾನೆ. ಹೆಂಡತಿಗೂ ಗೊತ್ತಾಗುವುದಿಲ್ಲ, ಹಡೆದವ್ವನಿಗೂ ಗೊತ್ತಾಗುವುದಿಲ್ಲ. ನಮ್ಮದೇ ದೊಡ್ಡ ಸೈನ್ಸು."

ಅಷ್ಟರಲ್ಲಿ ಅಂಗಡಿಯವನು ಉದ್ರಿ ಪುಸ್ತಕ ತೆರೆದು ಯಾರದೋ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದ. ಅದನ್ನು ನೋಡಿ ನನಗೊಂದು ವಿಷಯ ಹೊಳೆಯಿತು. ಈ ಸೀರಿಯಲ್ಲಿನವರು ಮಾಡುವುದೂ ಉದ್ರಿಯೇ. ಗುಡ್ಡದ ಮೇಲೆ ಲೈಟು ಯಾಕೆ ಉರಿಯಿತು? ಆಮೇಲೆ ಹೇಳುತ್ತೇವೆ, ಬರೆದುಕೊಳ್ಳಿ. ಮುದುಕಿಯ ಕೈಯಲ್ಲಿ ಮೂರು ಬೆರಳು ಯಾಕೆ? ಬರೆದುಕೊಳ್ಳಿ. ಲಾಸ್ಟ್ ಅಂತ ಒಂದು ಬಂದಿತ್ತು, 2004ರಿಂದ. ಬಿಸಿಲಿನ ದ್ವೀಪದಲ್ಲಿ ವಿಮಾನ ಬೀಳುತ್ತದೆ. ಶುರುವಿನಲ್ಲೇ ಕಾಡಿನಿಂದ ಹಿಮಕರಡಿ ಓಡಿ ಬರುತ್ತದೆ. ಜನ ಬಾಯಿ ತೆರೆದುಕೊಂಡು ಕೂತರು. ಉದ್ರಿ ಬೆಳೆಯಿತು. ಕೊನೆಗೆ 2007ರಲ್ಲಿ ಮಾಡುವವರೇ, 2010ಕ್ಕೆ ಮುಗಿಸುತ್ತೇವೆ ಅಂತ ತಾರೀಖು ಹಾಕಿಬಿಟ್ಟರು.

"ಜಾಣರು," ಅಂದ ಅಂಗಡಿಯವನು. ಹರಟೆಗೆ ಅವನ ಮೊದಲ ಮಾತು ಅದು. "ಪೂರ್ತಿ ತೀರಿಸಿದರಾ?"

"ಕೆಲವರು ತೀರಿತು ಅನ್ನುತ್ತಾರೆ. ಕೆಲವರು ಇನ್ನೂ ಜಗಳಾಡುತ್ತಾರೆ."

ಅವನು ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿದ. ಅದರಲ್ಲಿ ನನ್ನ ಹೆಸರಿನ ಪುಟವೂ ಇದೆ. ನಾನು ಮಾತು ಬೇರೆ ಕಡೆ ತಿರುಗಿಸಿದೆ.

"ನಮ್ಮ ದೂರದರ್ಶನದಲ್ಲೂ ಬರುತ್ತಿತ್ತಲ್ಲ ಮಾಸ್ತರೇ? ಕ್ಯಾಪ್ಟನ್ ವ್ಯೋಮ್."

"1998. ಅದಕ್ಕೂ ಮೊದಲು 1989ರಲ್ಲಿ ಇಂದ್ರಧನುಷ್. ಅದರಲ್ಲಿ ನಮ್ಮ ಗಿರೀಶ್ ಕಾರ್ನಾಡರೂ ಇದ್ದರು."

ವ್ಯೋಮ್ ನಾನು ನೋಡಿದ್ದೇನೆ. ನೋಡಿದ್ದೇನೆ ಅಂದರೆ ಅರ್ಧರ್ಧ. ಅವನು ಯಾನ ಹತ್ತುವ ಹೊತ್ತಿಗೆ ನಮ್ಮ ಓಣಿಯ ಕರೆಂಟು ಇಳಿಯುತ್ತಿತ್ತು. ಒಂದು ಸೀರಿಯಲ್ ಜನರನ್ನು ಕಳೆದುಕೊಳ್ಳಲು ಅದೂ ಒಂದು ಕಾರಣ, ಯಾವ ಅಮೆರಿಕದವನಿಗೂ ಹೊಳೆಯಲಾರದ್ದು.

ಕಾಕಾ ಸುಮ್ಮನಿದ್ದರು. ಅವರು ಸುಮ್ಮನಾದರೆ ಒಂದೋ ನಿದ್ದೆ, ಇಲ್ಲಾ ಹಳೆಯ ಕತೆ.

"ನಾನು ಒಂದನ್ನು ಕಂಡಿದ್ದೇನೆ," ಅಂದರು. "ಒಬ್ಬನೂ ಬಿಟ್ಟು ಹೋಗದ ಕಾರ್ಯಕ್ರಮ. ನಾನಾಗ ಹತ್ತು ವರ್ಷದವನು. ನಮ್ಮೂರಿಗೆ ಲಾರಿಯಲ್ಲಿ ಒಂದು ಟಿವಿ ಬಂತು. ಅದರ ಜೊತೆ ಕೋಳಿಗೂಡಿಗೆ ಹಾಕುವ ಜಾಳಿಗೆಯಲ್ಲಿ ಮಾಡಿದ ದೊಡ್ಡ ಛತ್ರಿ. ಆಕಾಶ ನೋಡುತ್ತಾ ಅಂಗಾತ ಬಿದ್ದ ಛತ್ರಿ."

ಮಾಸ್ತರ ಕಣ್ಣು ಅರಳಿತು. "ಸೈಟ್! ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ. ಆರು ರಾಜ್ಯಗಳ 2,400 ಹಳ್ಳಿ. ಕರ್ನಾಟಕದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ. ಅಮೆರಿಕದ ಉಪಗ್ರಹ, ನಮ್ಮ ಇಸ್ರೋದವರ ಛತ್ರಿ. ಹತ್ತು ಅಡಿ ಅಗಲ."

"ಅಡಿ ನನಗೆ ಗೊತ್ತಿಲ್ಲ. ಅದರ ಮೇಲೆ ಹುಡುಗರು ಹತ್ತದ ಹಾಗೆ ಒಬ್ಬ ಮುದುಕ ಬಡಿಗೆ ಹಿಡಿದು ಕೂಡುತ್ತಿದ್ದ, ಅದು ಗೊತ್ತಿದೆ. ಸಂಜೆ ಆದರೆ ಇಡೀ ಊರು ಶಾಲೆಯ ಮುಂದೆ. ಏನು ತೋರಿಸುತ್ತಿದ್ದರು? ಬೀಜಕ್ಕೆ ಔಷಧ ಹಚ್ಚುವುದು, ಕೂಸಿಗೆ ಚುಚ್ಚುಮದ್ದು ಹಾಕಿಸುವುದು. ಹಡಗಿಲ್ಲ, ಹಸಿರು ಮೈಯವನಿಲ್ಲ. ಆದರೂ ಕೂಡುತ್ತಿದ್ದೆವು."

"ಆ ಉಪಗ್ರಹ ಇದ್ದದ್ದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ," ಅಂದರು ಮಾಸ್ತರು. "ಅಷ್ಟು ಎತ್ತರದಲ್ಲಿಟ್ಟರೆ ಭೂಮಿಯ ಜೊತೆಗೇ ತಿರುಗುತ್ತದೆ, ಅಲ್ಲಿಂದ ಎಲ್ಲ ಕಡೆಗೂ ಸುದ್ದಿ ಕಳಿಸಬಹುದು ಅಂತ 1945ರಲ್ಲೇ ಬರೆದವನು ಆರ್ಥರ್ ಸಿ. ಕ್ಲಾರ್ಕ್. ವಿಜ್ಞಾನದ ಕತೆ ಬರೆಯುವವನು. ನಮ್ಮವರು ಕೊಲಂಬೋಗೆ ಹೋಗಿ ಅವನ ಮನೆಯಲ್ಲೂ ಅಂಥದೊಂದು ಛತ್ರಿ ಕೂರಿಸಿ ಬಂದಿದ್ದರು."

"ಅಂದರೆ ನಾನೂ ಅವನೂ ಒಂದೇ ಚಾನೆಲ್ ನೋಡಿದ್ದೇವೆ," ಅಂದರು ಕಾಕಾ. ಆರ್ಥರ್ ಕ್ಲಾರ್ಕ್ ಪಕ್ಕದ ಓಣಿಯವನೇನೋ ಅನ್ನುವ ಹಾಗೆ. "ಆದರೆ ನಮ್ಮ ಆಯಿಗೆ ಒಂದು ಚಿಂತೆ. ಮೇಲೆ ಒಬ್ಬನೇ ಇದ್ದಾನೆ, ಇಷ್ಟು ಮಂದಿಗೆ ದಿನಾ ತೋರಿಸುತ್ತಾನೆ, ಅವನಿಗೆ ರೊಟ್ಟಿ ಯಾರು ಕೊಡುತ್ತಾರೆ ಅಂತ. ಶಾಲೆಯ ಮಾಸ್ತರರನ್ನು ಹಿಡಿದು ಕೇಳಿದಳು. ಅವರು, ಆಯೀ, ಅದು ಬಿಸಿಲು ತಿಂದು ಬದುಕುತ್ತದೆ ಅಂದರು. ಆಯಿ ತಲೆಯಾಡಿಸಿ, ಹಂಗಾದರೆ ನಮ್ಮ ಕಡೆಯದೇ ಇರಬೇಕು ಅಂದಳು."

ಹುಡುಗ ಆಗ ನಕ್ಕ. ಸುಸಲಾದ ತಟ್ಟೆ ಹತ್ತಿರ ಎಳೆದುಕೊಂಡ.

"ಆಮೇಲೆ?"

"ಒಂದು ವರ್ಷ ಆಯಿತು, ನಿಂತಿತು. ಉಪಗ್ರಹ ವಾಪಸ್ ಹೋಯಿತು ಅಂದರು. ಮರುದಿನ ಸಂಜೆ ಎಲ್ಲರೂ ಬಂದು ಕೂತೆವು. ಟಿವಿಯಲ್ಲಿ ಬರೀ ಬಿಳಿ ಚುಕ್ಕಿ, ಬುಸ್ ಅನ್ನುವ ಸದ್ದು. ಅದನ್ನೇ ಒಂದು ತಾಸು ನೋಡಿದೆವು. ಆಯಿ ಎಂಟು ದಿನ ಬಂದಳು. ಮೋಡ ಇದೆ, ಪಾಪ, ಉಪವಾಸ ಬಿದ್ದಿದ್ದಾನೆ, ಬಿಸಿಲು ಬಿದ್ದರೆ ಬರುತ್ತಾನೆ ಅನ್ನುತ್ತಿದ್ದಳು."

"1977ರಲ್ಲಿ ಗುಲ್ಬರ್ಗದಲ್ಲೇ ಟ್ರಾನ್ಸ್‌ಮಿಟರ್ ಹಾಕಿದರು," ಅಂದರು ಮಾಸ್ತರು, ಸ್ವಲ್ಪ ಮೆಲ್ಲಗೆ.

"ಎರಡನೇ ಸೀಸನ್," ಅಂದ ಹುಡುಗ. "ಒಂದೇ ವರ್ಷಕ್ಕೆ."

ಕಾಕಾ ಕೈಗಡಿಯಾರ ನೋಡಿ ದಡಬಡ ಎದ್ದರು. ಒಂದು ಚಪ್ಪಲಿ ಬೆಂಚಿನ ಕೆಳಗೆ ಹೋಗಿತ್ತು, ಅದನ್ನು ಕಾಲಿನಿಂದಲೇ ಹುಡುಕಿ ಎಳೆದರು.

"ಏನ್ರೀ ಕಾಕಾ, ಇಷ್ಟು ಅವಸರ?"

"ಏಳು ಗಂಟೆ ಆಗುತ್ತಾ ಬಂತು. ಇವತ್ತು ಆ ಸೊಸೆಗೆ ಮರೆತ ನೆನಪು ವಾಪಸ್ ಬರುತ್ತದೆ. ನಿನ್ನೆ ತಲೆಗೆ ತೆಂಗಿನಕಾಯಿ ಬಿದ್ದಿದೆ."