ಅಕ್ಯುರಸಿ, ಪ್ರಿಸಿಷನ್, ರೆಸಲ್ಯೂಷನ್: ಮೂರಕ್ಕೂ ‘ನಿಖರತೆ’ಯೇ?

ಮಾನ್ಯರೇ,

ಭೌತಶಾಸ್ತ್ರದ ಪ್ರಯೋಗಗಳಲ್ಲಿ ಡಿಜಿಟಲ್ ಸಾಧನಗಳ ಬಳಕೆ ಕುರಿತು ಈಚೆಗೆ ನಡೆದಿರುವ ಸಂಶೋಧನೆಯನ್ನು ಧಾರವಾಡದ ಪದವಿ ವಿದ್ಯಾರ್ಥಿಗಳಿಗೆ ಪರಿಚಯಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೊಬೈಲಿನ ಸಂವೇದಕಗಳನ್ನೇ ಮಾಪಕವಾಗಿಸುವ ಜರ್ಮನಿಯ ಆಖೆನ್‌ನ ಫೈಫಾಕ್ಸ್ ಆ್ಯಪ್, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪ್ರಯೋಗ ಸಾಧನ ಎಕ್ಸ್‌ಪೈಸ್, ಸಂವೇದಕಗಳನ್ನು ಜೋಡಿಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಫಲಕ ಆರ್ಡುಯಿನೊ ಮುಂತಾದ ಹೆಸರುಗಳನ್ನು ಇದ್ದಂತೆಯೇ ಬಳಸಬಹುದು. ಸಂವೇದಕ, ದತ್ತಾಂಶ ಎಂಬ ಪದಗಳೂ ರೂಢಿಗೆ ಬಂದಿವೆ. ತೊಡಕಿರುವುದು ಅಕ್ಯುರಸಿ, ಪ್ರಿಸಿಷನ್, ರೆಸಲ್ಯೂಷನ್ ಎಂಬ ಮೂರರಲ್ಲಿ; ಮೊದಲೆರಡಕ್ಕೂ ‘ನಿಖರತೆ’ ಎಂದು ಬರೆಯುವುದುಂಟು, ಕೆಲವರು ಮೂರನೆಯದಕ್ಕೂ ಅದನ್ನೇ ಹಚ್ಚುತ್ತಾರೆ.

ಸ್ಟಾಪ್‌ವಾಚ್ ಹಿಡಿದು ಲೋಲಕದ ಅವಧಿಯನ್ನು ಅಳೆಯುವಾಗ ಈ ಭೇದ ಅಷ್ಟಾಗಿ ಕಾಡುತ್ತಿರಲಿಲ್ಲ, ಏಕೆಂದರೆ ಗುಂಡಿ ಒತ್ತುವ ಬೆರಳಿನ ತಡವೇ ಉಳಿದ ದೋಷಗಳನ್ನು ಮುಚ್ಚಿಬಿಡುತ್ತಿತ್ತು. ಈಗ ಲೋಲಕದ ಗುಂಡು ಹಾಯುವಲ್ಲಿ ಅವಕೆಂಪು ಸಂವೇದಕವಿಟ್ಟು ಆರ್ಡುಯಿನೊದ ಊನೊ ಮಾದರಿಗೆ ಜೋಡಿಸಿದರೆ, ಅದು ಕಾಲವನ್ನು 4 ಮೈಕ್ರೊಸೆಕೆಂಡಿನ ಹೆಜ್ಜೆಗಳಲ್ಲಿ ಎಣಿಸಬಲ್ಲದು, ಇದು ರೆಸಲ್ಯೂಷನ್. ಮತ್ತೆ ಮತ್ತೆ ಅಳೆದಾಗ ಬರುವ ಬೆಲೆಗಳು ಒಂದಕ್ಕೊಂದು ತೀರ ಹತ್ತಿರವಿರುತ್ತವೆ, ಇದು ಪ್ರಿಸಿಷನ್. ಆದರೆ 1 ಮೀಟರ್ ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಅದರ ಮೇಲ್ತುದಿಗೇ ನಿಲ್ಲಿಸಿ 1 ಸೆಂ.ಮೀ. ಕಡಿಮೆ ಹಿಡಿದಿದ್ದರೆ, ಧಾರವಾಡದಲ್ಲಿ ಸುಮಾರು 9.78 ಮೀ/ಸೆ² ಬರಬೇಕಾದ ಗುರುತ್ವ ವೇಗೋತ್ಕರ್ಷವು ಪ್ರತಿ ಸಲವೂ 9.68ರ ಆಸುಪಾಸಿನಲ್ಲೇ ಬರುತ್ತದೆ; ನಿಜ ಬೆಲೆಗೆ ಹತ್ತಿರವಿರುವುದು, ಅಂದರೆ ಅಕ್ಯುರಸಿ, ಇಲ್ಲಿಲ್ಲ. ಈ ಫಲಿತಾಂಶವನ್ನು ‘ನಿಖರ’ ಎನ್ನಬೇಕೇ, ಅಲ್ಲವೆನ್ನಬೇಕೇ? ಪರದೆಯ ಮೇಲೆ ದಶಾಂಶ ಬಿಂದುವಿನ ಬಳಿಕ ಆರೇಳು ಅಂಕಿಗಳನ್ನು ಕಂಡ ವಿದ್ಯಾರ್ಥಿ ಹೌದೆಂದೇ ನಂಬುತ್ತಾನೆ.

ನನ್ನ ಮಟ್ಟಿಗೆ ‘ನಿಖರತೆ’ಯನ್ನು ಅಕ್ಯುರಸಿಗೆ ಮಾತ್ರ ಮೀಸಲಿಡುವುದು ಲೇಸು. (ನಮ್ಮ ಕಡೆ ‘ತೂಕ ಬರೋಬ್ಬರಿ ಐತಿ’ ಎಂದರೆ ಇರಬೇಕಾದಷ್ಟೇ ಇದೆ ಎಂದರ್ಥ, ಪಠ್ಯಕ್ಕೆ ಒಗ್ಗದಿದ್ದರೂ ಅಕ್ಯುರಸಿಯ ಭಾವ ಅದರಲ್ಲಿ ಚೆನ್ನಾಗಿಯೇ ಇದೆ.) ರೆಸಲ್ಯೂಷನ್ನಿಗೆ ‘ಪೃಥಕ್ಕರಣ’ ಎಂದರೆ ಮನಸ್ಸು ಹತ್ತಿರದ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೋರಿಸುವ ದೂರದರ್ಶಕದತ್ತ ಹೋಗುತ್ತದೆ. ವರ್ನಿಯರ್ ಬಳಸಿದವರಿಗೆಲ್ಲ ಪರಿಚಿತವಾದ ಲೀಸ್ಟ್ ಕೌಂಟಿನ (ಸಾಧನ ಅಳೆಯಬಲ್ಲ ಅತಿ ಚಿಕ್ಕ ಬೆಲೆಯ) ಜಾಡು ಹಿಡಿದು ‘ಕನಿಷ್ಠ ಅಳತೆ’ ಎನ್ನಬಹುದೆಂದು ತೋರುತ್ತದೆ. ಊನೊ 5 ವೋಲ್ಟನ್ನು 1024 ಹಂತಗಳಾಗಿ ಒಡೆಯುವಾಗ ಸಿಗುವ ಸುಮಾರು 4.9 ಮಿಲಿವೋಲ್ಟಿಗೂ ಅದು ಹೊಂದುತ್ತದೆ.

ಉಳಿದದ್ದು ಪ್ರಿಸಿಷನ್. ‘ಖಚಿತತೆ’ ಎಂದರೆ ಸಂಶಯವಿಲ್ಲವೆಂಬ ಅರ್ಥ ಬರುತ್ತದೆ. ‘ಪುನರಾವರ್ತನೀಯತೆ’ಯನ್ನು ರಿಪೀಟಬಿಲಿಟಿಗೆ ಬಿಟ್ಟುಕೊಡಬೇಕಾಗುತ್ತದೆ, ಮೇಲಾಗಿ ಅದು ನಾಲಿಗೆಗೂ ಭಾರ. ಅಳತೆಗಳು ಪರಸ್ಪರ ಹತ್ತಿರವಿರುವುದನ್ನಷ್ಟೇ ಸೂಚಿಸುವ, ‘ನಿಖರವಾದ’ ಎಂಬಂತೆ ವಿಶೇಷಣವಾಗಿಯೂ ನಿಲ್ಲಬಲ್ಲ ಪದವನ್ನು ಯಾರಾದರೂ ಪಾಠದಲ್ಲಿ ಬಳಸಿದ್ದರೆ, ಒಂದೆರಡು ವಾಕ್ಯಪ್ರಯೋಗಗಳ ಸಮೇತ ದಯವಿಟ್ಟು ತಿಳಿಸಿ.